‘ಕಿಸೆಗಳ್ಳರಿದ್ದಾರೆ, ಎಚ್ಚರಿಕೆ’ ಎಂದವನ ತಾಯಿಯಿಂದ

ಕಮಲಾಪುರದಾಚೆಯ ವಿನೋದವನದ ಆಡಳಿತಾಧಿಕಾರಿಗಳಿಗೆ,

‘ಮಾನ್ಯರೇ’ ಎಂದು ಶುರುಮಾಡುವುದು ರೂಢಿ. ಬರೆದೆ, ಆಮೇಲೆ ಹೊಡೆದುಹಾಕಿದೆ. ಮೊದಲ ಪದವೇ ಸುಳ್ಳಾಗುವುದು ಬೇಡ ಅನ್ನಿಸಿತು. ಕಳೆದ ಮೇ ಒಂಬತ್ತನೆಯ ತಾರೀಖು, ಭಾನುವಾರ, ಮಧ್ಯಾಹ್ನ ನಾಲ್ಕರ ಸುಮಾರಿಗೆ ನನ್ನ ಹನ್ನೊಂದು ವರ್ಷದ ಮಗ ಪಾಂಡುರಂಗನನ್ನು ನಿಮ್ಮ ಜನರೇಟರ್ ಪಕ್ಕದ ಕೋಣೆಯಲ್ಲಿ ನಲವತ್ತು ನಿಮಿಷ ಕೂಡಿಹಾಕಲಾಯಿತು. ಚಿಲಕ ಹೊರಗಿನಿಂದ, ಅಪ್ಪಣೆ ನಿಮ್ಮದು. ಅವನು ಮಾಡಿದ್ದ ಅಪರಾಧವೆಂದರೆ ಹೆದರಿದ್ದು. ಇವತ್ತಿಗೆ ಇಪ್ಪತ್ತಾರು ದಿನ, ಅವನು ಒಂದೇ ಒಂದು ಮಾತು ಆಡಿಲ್ಲ. ಈ ವಿಷಯವನ್ನು ನಿಮಗೆ ಎರಡು ಸಲ ರಿಜಿಸ್ಟರ್ ಅಂಚೆಯಲ್ಲಿ ತಿಳಿಸಿದ್ದೇನೆ. ಎರಡಕ್ಕೂ ನಿಮ್ಮ ಕಚೇರಿಯ ಶಿಕ್ಕಾ ಬಿದ್ದ ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ಆದ್ದರಿಂದ ಮೂರನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಿಮ್ಮ ವಿನೋದವನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆ ಪುಕ್ಕಟೆ ಜಾಹೀರಾತು ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಹಾಗೆ ನೋಡಿದರೆ ಆ ಕೆಲಸವನ್ನು ನಾನು ಆಗಲೇ ಬೇಕಾದಷ್ಟು ಮಾಡಿದ್ದೇನೆ. ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ, ಆದರೆ ದನಿಯನ್ನು ನೀವು ಖಂಡಿತ ಕೇಳಿದ್ದೀರಿ. ಕಲಬುರಗಿಯ ಬಸ್ ನಿಲ್ದಾಣದಲ್ಲಿ ‘ಪ್ರಯಾಣಿಕರ ಗಮನಕ್ಕೆ’ ಎಂದು ಹತ್ತೊಂಬತ್ತು ವರ್ಷಗಳಿಂದ ಹೇಳುತ್ತ ಬಂದವಳು ನಾನು. ಈ ವರ್ಷ ಯುಗಾದಿ ಕಳೆದ ಮೇಲೆ ನಿಮ್ಮ ಕಚೇರಿಯಿಂದ ಒಂದು ಕಾಗದ ಬಂತು. ಮೇಲಿನವರ ಒಪ್ಪಿಗೆಯೊಂದಿಗೆ ದಿನಕ್ಕೆ ಆರು ಸಲ ನಾನು ಅದನ್ನು ಓದಿದೆ: ‘ಮಕ್ಕಳ ನಗುವೇ ನಮ್ಮ ಧ್ಯೇಯ. ಎಲ್ಲ ಮಕ್ಕಳಿಗೂ ಹೃತ್ಪೂರ್ವಕ ಸ್ವಾಗತ.’ ಎಲ್ಲ ಮಕ್ಕಳಿಗೂ! ಆ ‘ಎಲ್ಲ’ದ ಮೇಲೆ ಸ್ವಲ್ಪ ಒತ್ತು ಕೊಟ್ಟು ಓದಬೇಕು ಎಂದು ಕಾಗದದ ಕೆಳಗೆ ಸೂಚನೆಯೂ ಇತ್ತು. ನಾನು ಮೂರ್ಖಳು, ಒತ್ತು ಕೊಟ್ಟೇ ಓದಿದೆ.

ನನ್ನ ಮಗನ ವಿಷಯ ಹೇಳುತ್ತೇನೆ. ಅವತ್ತು ನಿಮ್ಮ ಮೇಜಿನ ಮುಂದೆ ನಿಂತು ಹೇಳಲು ಹೋದಾಗ ನೀವು ಗಡಿಯಾರ ನೋಡಿದಿರಿ. ಪಾಂಡುವಿಗೆ ಆಟಿಸಂ ಇದೆ. ಸೊಲ್ಲಾಪುರದ ಡಾಕ್ಟರು ಆ ಹೆಸರು ಹೇಳುವವರೆಗೂ ನಮ್ಮ ಓಣಿಯಲ್ಲಿ ಬಾಯಿಗೆ ಬಂದದ್ದೆಲ್ಲ ಹೇಳಿದರು. ಗಾಳಿ ಅಂದರು, ದೃಷ್ಟಿ ಅಂದರು, ತಾಯಿ ನೌಕರಿಗೆ ಹೋಗುವುದರಿಂದ ಹೀಗಾಯಿತು ಅಂದರು. ಮೂರು ಶಾಲೆಯವರು ಬಹಳ ವಿನಯದಿಂದ ಬಾಗಿಲು ಹಾಕಿಕೊಂಡರು. ಹೀಗಾಗಿ ಅವನು ನನ್ನ ಜೊತೆಗೇ ನಿಲ್ದಾಣಕ್ಕೆ ಬರತೊಡಗಿದ. ವಿಚಾರಣೆ ಕೌಂಟರಿನೊಳಗೆ ಒಂದು ಸ್ಟೂಲು ಅವನದು. ಐದು ವರ್ಷ ಆಗುವವರೆಗೆ ಒಂದಕ್ಷರ ಆಡದವನು ಒಂದು ದಿನ ರೊಟ್ಟಿ ತಿನ್ನುತ್ತ ಸ್ಪಷ್ಟವಾಗಿ ಹೇಳಿದ, ‘ಪ್ಲಾಟ್‌ಫಾರ್ಮ್ ನಂಬರ್ ಮೂರು.’ ನಮ್ಮ ಅತ್ತೆ ಸರಸ್ವತೀಬಾಯಿಯವರು ಓಣಿಗೆಲ್ಲ ಸಕ್ಕರೆ ಹಂಚಿದರು. “ನಮ್ಮ ಪಾಂಡು ಮಾತಾಡಿದ್ರೀ, ಅದೂ ಗ್ರಾಂಥಿಕದಾಗ ಮಾತಾಡಿದ” ಎಂದು ಮನೆಮನೆಗೆ ಹೋಗಿ ಹೇಳಿ ಬಂದರು.

ಅವನು ಕಲಿತದ್ದೆಲ್ಲ ನನ್ನ ಮೈಕಿನ ವಾಕ್ಯಗಳನ್ನೇ. ಅವನ್ನು ಬಳಸುವ ರೀತಿ ಮಾತ್ರ ಅವನದೇ. ಹಸಿವಾದರೆ ‘ಊಟದ ವಿರಾಮ ಹದಿನೈದು ನಿಮಿಷ’. ಹೊರಗೆ ಹೋಗಬೇಕಿದ್ದರೆ ‘ಬೀದರಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ’. ಆರು ವರ್ಷದವನಿದ್ದಾಗ ಉರುಸಿನ ಗದ್ದಲದಲ್ಲಿ ನನ್ನ ಕೈತಪ್ಪಿ ಜನರ ನಡುವೆ ಸಿಕ್ಕಿಬಿದ್ದಿದ್ದ. ಆಗ ಅಲ್ಲಿಯ ಸ್ಪೀಕರಿನಲ್ಲಿ ಬರುತ್ತಿದ್ದದ್ದು, ನಿಲ್ದಾಣದಲ್ಲಿ ನಾನೂ ದಿನಾ ಹೇಳುವ ‘ಕಿಸೆಗಳ್ಳರಿದ್ದಾರೆ, ಎಚ್ಚರಿಕೆ’. ಅವತ್ತಿನಿಂದ ಅವನ ಲೆಕ್ಕದಲ್ಲಿ ಆ ಮಾತಿಗೆ ‘ನನಗೆ ಹೆದರಿಕೆ ಆಗುತ್ತಿದೆ’ ಎಂದರ್ಥ. ಇನ್ನೂ ಒಂದು ವಾಕ್ಯವಿತ್ತು. ಯಾವುದಾದರೂ ಗಾಡಿಯ ಸಿಬ್ಬಂದಿ ಚಹಾ ಕುಡಿಯುತ್ತ ಕೂತು ತಡಮಾಡಿದರೆ ನಾನು ಕೂಗುವುದಿತ್ತು: ‘ಎಲ್ಲಿದ್ದರೂ ಕೂಡಲೇ ಕಂಟ್ರೋಲ್ ಪಾಯಿಂಟಿಗೆ ಬರಬೇಕು.’ ಅದನ್ನು ಪಾಂಡು ನನ್ನನ್ನು ಕರೆಯಲು ಇಟ್ಟುಕೊಂಡಿದ್ದ. ನಾನು ಅಡುಗೆಮನೆಯಲ್ಲಿರಲಿ, ಬಚ್ಚಲಲ್ಲಿರಲಿ, ಆ ವಾಕ್ಯ ಕೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆ.

ಇಂಥವನು ನಿಮ್ಮ ಜಾಹೀರಾತನ್ನು ಕೇಳಿದ. ಹದಿನೈದು ದಿನ ಏಳುತ್ತ, ಕೂಡುತ್ತ, ಹಲ್ಲುಜ್ಜುತ್ತ ‘ಎಲ್ಲ ಮಕ್ಕಳಿಗೂ ಹೃತ್ಪೂರ್ವಕ ಸ್ವಾಗತ’ ಎಂದ. ಒತ್ತು ಕೂಡ ನನ್ನದೇ. ಮಗು ಬಾಯಿಬಿಟ್ಟು ಒಂದು ಕಡೆ ಹೋಗೋಣ ಎಂದು ಕೇಳಿದ್ದು ಅದೇ ಮೊದಲು. ನನ್ನ ಯಜಮಾನರಿಗೆ ನಂದೂರಿನ ದಾಲ್ ಮಿಲ್ಲಿನಲ್ಲಿ ಅವತ್ತು ರಜೆ ಸಿಗಲಿಲ್ಲ. ಅತ್ತೆ, ನಾನು, ಪಾಂಡು ಮೂವರೇ ಹೊರಟೆವು. ಗಾಡಿಯ ಕಂಡಕ್ಟರ್ ಮೋಮಿನಪುರದ ಶಬ್ಬೀರ್, ಪಾಂಡುವಿನ ಹಳೆಯ ದೋಸ್ತ. ಪಾಂಡು ಹತ್ತಿ ಕೂತು ‘ಬೀದರಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ’ ಎನ್ನುವವರೆಗೂ ಶಬ್ಬೀರ್ ಸೀಟಿ ಊದುವುದಿಲ್ಲ. “ಸಾಹೇಬ್ರ ಹುಕುಂ ಆತು, ರೈಟ್!” ಎಂದ. ಬಸ್ಸಿನವರೆಲ್ಲ ನಕ್ಕರು. ಅದು ಪ್ರೀತಿಯ ನಗೆ ಎಂದು ಪಾಂಡುವಿಗೂ ತಿಳಿಯುತ್ತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಮೊದಲ ಎರಡು ತಾಸು ನಿಮ್ಮ ವಿನೋದವನ ಅವನಿಗೆ ಬಹಳ ಹಿಡಿಸಿತು. ನಿಮ್ಮ ಆ ಪುಟ್ಟ ರೈಲಿನಲ್ಲಿ ಮೂರು ಸಲ ಕೂತ. ಪ್ರತಿ ಸುತ್ತಿಗೂ ಪ್ರಕಟಣೆ ಮಾಡಿದ. ಹಿಂದಿನ ಡಬ್ಬಿಯ ಮಕ್ಕಳು ಚಪ್ಪಾಳೆ ತಟ್ಟಿದವು. ಅತ್ತೆಯವರು ಸೆರಗು ಬಾಯಿಗಿಟ್ಟುಕೊಂಡು ಅಳಲಿಕ್ಕೇ ಶುರುಮಾಡಿದರು. ಖುಷಿಗೂ ಅವರಿಗೆ ಅಳುವೇ ಬರುವುದು. ನಾಲ್ಕನೆಯ ಸಲಕ್ಕೆ ಸಾಲಿನಲ್ಲಿ ನಿಂತಾಗ ಕರೆಂಟು ಹೋಯಿತು. ರೈಲು ನಿಂತಿತು, ಎರಡು ಲಾರಿಯಷ್ಟು ಜನ ಹಿಂದಿನಿಂದ ಒತ್ತಿದರು, ಜನರೇಟರ್ ಗುಡುಗಿತು. ಪಾಂಡು ಎರಡೂ ಕಿವಿ ಮುಚ್ಚಿಕೊಂಡು ತಾನು ಹೆದರಿದ್ದೇನೆ ಎಂದು ಗಟ್ಟಿಯಾಗಿ ಹೇಳಿದ. ಅಂದರೆ, “ಕಿಸೆಗಳ್ಳರಿದ್ದಾರೆ, ಎಚ್ಚರಿಕೆ!” ಎಂದ.

ಮುಂದಿದ್ದ ಸಫಾರಿ ಸೂಟಿನವರೊಬ್ಬರು ತಮ್ಮ ಕಿಸೆ ಮುಟ್ಟಿ ನೋಡಿಕೊಂಡರು. ಪಾಕೀಟು ಇರಲಿಲ್ಲ. ಕೂಗಾಟ ಎದ್ದಿತು. ಎಲ್ಲರೂ ಕಿಸೆ ಹಿಡಿದುಕೊಂಡರು, ಹೆಂಗಸರು ಕೊರಳು ಮುಟ್ಟಿಕೊಂಡರು. ನಿಮ್ಮ ಕಾವಲುಗಾರ ದೌಲಪ್ಪ ಬಂದ.

“ಯಾರ್ ಕಂಡೀರಿ ಕಳ್ಳನ್ನ?”

“ಈ ಹುಡುಗ ಕಂಡಾನ ನೋಡ್ರಿ, ಇವನೇ ಒದರಿದವ” ಎಂದು ಯಾರೋ ಪಾಂಡುವನ್ನು ತೋರಿಸಿದರು.

“ಏ ತಮ್ಮಾ, ಎಲ್ಲಿದ್ದಾನೋ? ಎಷ್ಟು ಮಂದಿ ಇದ್ದಾರ?”

“ಪ್ರಯಾಣಿಕರು ತಮ್ಮ ಸಾಮಾನುಗಳಿಗೆ ತಾವೇ ಜವಾಬ್ದಾರರು” ಎಂದ ಪಾಂಡು.

“ನನ್ನ ಮುಂದ ಮಸ್ಕಿರಿ ಮಾಡ್ತೀ? ಇವನೂ ಅವರ ಟೋಳಿ ಒಳಗಿನವನೇ ಇರಬೇಕು” ಎಂದು ದೌಲಪ್ಪ ಅವನ ರಟ್ಟೆಗೆ ಕೈಹಾಕಿದ.

“ಮುಟ್ಟಬ್ಯಾಡ್ರಿ, ದಮ್ಮಯ್ಯಾ, ಅವಗ ಮುಟ್ಟಿದ್ರ ಆಗಂಗಿಲ್ಲ” ಎಂದು ನಾನು ಚೀರಿದೆ. ಹತ್ತೊಂಬತ್ತು ವರ್ಷ ಊರಿಗೆಲ್ಲ ಕೇಳುವಂತೆ ಕೂಗಿದ ನನ್ನ ದನಿ ಅವತ್ತು ನಾಲ್ಕು ಮಾರು ದೂರ ಕೂಡ ಹೋಗಲಿಲ್ಲ. ಪಾಂಡು ದೌಲಪ್ಪನ ಕೈ ಕಚ್ಚಿದ. ರಕ್ತ ಬರುವಂತೆ ಕಚ್ಚಿದ, ಅದನ್ನು ನಾನು ಮುಚ್ಚಿಡುವುದಿಲ್ಲ. ಇಬ್ಬರು ಅವನನ್ನು ಎತ್ತಿಕೊಂಡು ಹೋದರು. ನಾನು ಅವರ ಹಿಂದೆ ಓಡಿ ನಿಮ್ಮ ಕಚೇರಿ ಮುಟ್ಟುವಷ್ಟರಲ್ಲಿ ಪಕ್ಕದ ಕೋಣೆಯ ಚಿಲಕ ಬಿದ್ದಿತ್ತು.

ಇನ್ನು ನಿಮ್ಮ ಪಾತ್ರ. ನೀವು ಕುರ್ಚಿಯಿಂದ ಏಳಲಿಲ್ಲ. “ಏನೂ ಆಗಂಗಿಲ್ಲ ಬಾಯಾರ, ತಣ್ಣಗ ಕೂತಿರ್ತಾನ, ಕೂಡ್ರಿ” ಎಂದಿರಿ. ಆಮೇಲೆ ಒಂದು ಕಾಗದ ಬರೆಸಿದಿರಿ. ‘ನನ್ನ ಮಗ ಹುಚ್ಚನಿದ್ದು, ಸದರಿ ಸಂಗತಿಯನ್ನು ಮುಚ್ಚಿಟ್ಟು ನಾನು ಅವನನ್ನು ಒಳಗೆ ಕರೆತಂದಿದ್ದೇನೆ. ಇದರಿಂದ ಆದ ತೊಂದರೆಗೆ ನಾನೇ ಹೊಣೆ.’ ಕೆಳಗೆ ಸಹಿ ಮಾಡಿದರೆ ಚಿಲಕ ತೆಗೆಸುವುದಾಗಿ ಹೇಳಿದಿರಿ. ನಾನು ಹುಚ್ಚ ಎಂಬ ಪದಕ್ಕೆ ಒಪ್ಪಲಿಲ್ಲ. ಆಟಿಸಂ ಎಂದು ಬರೆಯಿರಿ ಎಂದೆ. ಅದೇನು ಎಂದಿರಿ. ಹೇಳಿದೆ. “ಅಂದ್ರ ಒಂದ್ ನಮೂನಿ ಹುಚ್ಚೇ ಆತಲ್ಲ?” ಎಂದಿರಿ. ಬುದ್ಧಿಮಾಂದ್ಯ ಎಂದಾದರೂ ಬರೆಯೋಣವೇ ಎಂದು ನಿಮ್ಮ ಗುಮಾಸ್ತರು ತರಕಾರಿ ಚೌಕಾಸಿಗೆ ಇಳಿದವರಂತೆ ಕೇಳಿದರು. ಅದೂ ಸುಳ್ಳು ಎಂದು ನಾನು ಹಟ ಹಿಡಿದೆ.

ಈ ವಾದ ಇಪ್ಪತ್ತು ನಿಮಿಷ ನಡೆಯಿತು. ಪತ್ರದಲ್ಲಿ ಬರೆಯಲು ನನಗೆ ಅತ್ಯಂತ ಕಷ್ಟವಾದ ಸಾಲು ಇದು. ಆ ಇಪ್ಪತ್ತು ನಿಮಿಷಗಳಲ್ಲಿ ನನ್ನ ಪಾಲೂ ಇದೆ. ಒಂದು ಪದಕ್ಕಾಗಿ ನಾನು ನಿಮ್ಮ ಜೊತೆ ಜಗಳಾಡುತ್ತಿದ್ದಾಗ ನನ್ನ ಮಗ ಗೋಡೆಯಾಚೆ ಜನರೇಟರಿನ ಸದ್ದಿನಲ್ಲಿದ್ದ. ಸದ್ದೆಂದರೆ ಅವನಿಗೆ ಕಿವಿಯೊಳಗೆ ಮೊಳೆ ಹೊಡೆದಂತೆ. ಅತ್ತೆಯವರು ಆ ಕೋಣೆಯ ಹೊಸ್ತಿಲಲ್ಲಿ ಕೂತು ಬಾಗಿಲ ಸಂದಿಗೆ ಬಾಯಿಟ್ಟು, “ಅಜ್ಜಿ ಇಲ್ಲೇ ಇದ್ದೀನೋ ರಾಜಾ, ಎಲ್ಲಿಗೂ ಹೋಗಿಲ್ಲೋ” ಎನ್ನುತ್ತಿದ್ದರು. ಜನರೇಟರಿನ ಗದ್ದಲದಲ್ಲಿ ಎಪ್ಪತ್ತು ವರ್ಷದ ದನಿ ಯಾರಿಗೆ ಕೇಳಬೇಕು? ಆದರೆ ಪಾಂಡುವಿನ ದನಿ ನಿಮ್ಮ ಕಚೇರಿಯವರೆಗೂ ಬಂತು. “ಎಲ್ಲಿದ್ದರೂ ಕೂಡಲೇ ಕಂಟ್ರೋಲ್ ಪಾಯಿಂಟಿಗೆ ಬರಬೇಕು. ಎಲ್ಲಿದ್ದರೂ ಕೂಡಲೇ ಬರಬೇಕು. ಎಲ್ಲಿದ್ದರೂ.” ನಿಮ್ಮ ಗುಮಾಸ್ತರು, “ಒಳಗ ರೇಡಿಯೋ ಹಚ್ಚ್ಯಾರೇನ್ರೀ ಸಾಹೇಬ್ರ?” ಎಂದರು. ನೀವು ನಕ್ಕಿರಿ. ಹಲ್ಲು ಕಾಣುವಂತೆ ನಕ್ಕಿರಿ. ನನಗೆ ಮರೆವು ಜಾಸ್ತಿ, ಆದರೆ ಆ ಹಲ್ಲುಗಳನ್ನು ಸಾಯುವವರೆಗೆ ಮರೆಯುವುದಿಲ್ಲ.

ಆಮೇಲೆ ನಾನು ಸಹಿ ಮಾಡಿದೆ. ಹುಚ್ಚ ಎಂಬ ಪದದ ಕೆಳಗೇ, ಇಂದೂಬಾಯಿ ಎಂದು, ಅಕ್ಷರ ಅಲುಗಾಡದ ಹಾಗೆ ಸಹಿ ಮಾಡಿದೆ. ಅಷ್ಟರಲ್ಲಿ ಕೂಗು ನಿಂತಿತ್ತು. ಬಾಗಿಲು ತೆಗೆದಾಗ ಪಾಂಡು ಮೂಲೆಯಲ್ಲಿ ಗೋಡೆಗೆ ಹಣೆ ಒತ್ತಿ ಕೂತಿದ್ದ. ಚಡ್ಡಿ ಒದ್ದೆಯಾಗಿತ್ತು. ನಾನು ಹೆಸರಿಟ್ಟು ಕರೆದರೆ ತಿರುಗಲಿಲ್ಲ. ನೀವು ಅಷ್ಟೊತ್ತಿಗೆ ಸಫಾರಿ ಸೂಟಿನವರಿಗೆ ತಂಪು ಪಾನೀಯ ತರಿಸಿ, ಆದ ತೊಂದರೆಗೆ ಕ್ಷಮೆ ಕೇಳುತ್ತಿದ್ದಿರಿ. ಕ್ಷಮೆ ಕೇಳುವುದು ನಿಮಗೆ ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ.

ವಾಪಸು ಬರುವಾಗ ಕಮಲಾಪುರದಲ್ಲಿ ಹತ್ತಿದ ಗಾಡಿಯೂ ಶಬ್ಬೀರನದೇ. ಅವನು ಸೀಟಿಯನ್ನು ಬಾಯಿಗೆ ಹಿಡಿದು ಕಾದ. “ಸಾಹೇಬ್ರ, ಹುಕುಂ ಆಗ್ಲಿ” ಎಂದ. ಪಾಂಡು ಕಿಟಕಿಯ ಸರಳು ನೋಡುತ್ತಿದ್ದ. ಶಬ್ಬೀರ್ ಬಗ್ಗಿ, “ಬೀದರಿಗೆ ಹೋಗುವ ಬಸ್ಸು...” ಎಂದು ಅರ್ಧ ಹೇಳಿ ಬಿಟ್ಟ, ಉಳಿದರ್ಧ ಪಾಂಡು ಹೇಳಲಿ ಎಂದು. ನಾವು ಹೋಗುತ್ತಿದ್ದದ್ದು ಕಲಬುರಗಿಗೆ, ಆದರೂ ಯಾರೂ ನಗಲಿಲ್ಲ. ಹಿಂದಿನವರೊಬ್ಬರು, “ಗಾಡಿ ಬಿಡ್ರೀ, ಎಷ್ಟೊತ್ತು?” ಎಂದರು. ಶಬ್ಬೀರ್ ನನ್ನ ಮುಖ ನೋಡಿದ. “ಕ್ಯಾ ಹುವಾ ಬಾಯಿ, ಯಾರ್ ಏನ್ ಮಾಡಿದ್ರು ನಮ್ಮ ಹುಡುಗಗ?” ಎಂದು ಕೇಳಿದ. ನಾನು ಸೆರಗು ಎಳೆದು ಪಾಂಡುವಿನ ಒದ್ದೆ ಚಡ್ಡಿ ಮುಚ್ಚಿದೆ. ಅವನು ಸೀಟಿ ಊದದೆ ಕೈಯಿಂದ ಬಸ್ಸಿನ ತಗಡು ಬಡಿದು ಗಾಡಿ ಬಿಡಿಸಿದ.

ಇಷ್ಟೇ ಆಗಿದ್ದರೆ ಗಡಿಬಿಡಿಯಲ್ಲಿ ತಪ್ಪಾಯಿತು ಎಂದು ನೀವೂ ಹೇಳಬಹುದಿತ್ತು, ನಾನೂ ಹಲ್ಲುಕಚ್ಚಿ ಸುಮ್ಮನಾಗಬಹುದಿತ್ತು. ಆದರೆ ಎಂಟು ದಿನ ಬಿಟ್ಟು ದೌಲಪ್ಪ ನನ್ನ ಕೌಂಟರಿನ ಮುಂದೆ ಬಂದು ನಿಂತ. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ. ಇನ್ನೊಂದು ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಹಣಿಗೆ. ಕಚ್ಚಿದ್ದಕ್ಕೆ ಔಷಧದ ಖರ್ಚು ಕೇಳಲು ಬಂದಿದ್ದಾನೆ ಎಂದುಕೊಂಡೆ.

“ಬಾಯಾರ, ಒಂದು ಮಾತು ಹೇಳದಿದ್ರ ನನಗ ಉಂಡ ಕೂಳು ಮೈಗೆ ಹತ್ತಂಗಿಲ್ಲ” ಎಂದ. “ಪಾಕೀಟು ಆಗೇ ಸಿಕ್ಕಿತ್ತ್ರೀ. ಹುಡುಗನ್ನ ಒಳಗ ಹಾಕಿ ಹತ್ತು ಮಿನಿಟ್ ಆಗಿರಲಿಲ್ಲ, ಅವರ ಹೆಂಡ್ತಿ ಬ್ಯಾಗಿನಾಗ ಸಿಕ್ತು. ನಾನೇ ಓಡಿ ಬಂದು ಸಾಹೇಬ್ರ ಕಿವ್ಯಾಗ ಹೇಳೀನಿ. ಚಿಲಕ ತೆಗೀಲೇನ್ರೀ ಅಂದೆ. ಆಕಿ ಸಹಿ ಮಾಡೂತನ ತೆಗೀಬ್ಯಾಡ ಅಂದ್ರು.”

ಓದುಗರು ಈ ಮಾತನ್ನು ಇನ್ನೊಮ್ಮೆ ಓದಬೇಕೆಂದು ನನ್ನ ವಿನಂತಿ. ಕಳ್ಳತನ ಆಗಿರಲಿಲ್ಲ. ಆಗಿಲ್ಲವೆಂದು ನಿಮಗೆ ಗೊತ್ತಿತ್ತು. ಗೊತ್ತಾದ ಮೇಲೂ ಅರ್ಧ ತಾಸು ಒಂದು ಮಗುವನ್ನು ಒತ್ತೆಯಿಟ್ಟುಕೊಂಡು ತಾಯಿಯಿಂದ ಸಹಿ ವಸೂಲು ಮಾಡಿದಿರಿ, ಯಾಕೆಂದರೆ ನಾಳೆ ಯಾರಾದರೂ ಕೇಳಿದರೆ ತೋರಿಸಲು ನಿಮಗೊಂದು ಕಾಗದ ಬೇಕಿತ್ತು. ಹೇಳಿರಿ, ಕಿಸೆಗಳ್ಳರ ಬಗ್ಗೆ ನನ್ನ ಮಗ ಕೊಟ್ಟ ಎಚ್ಚರಿಕೆಯಲ್ಲಿ ತಪ್ಪೇನಿತ್ತು? ಅವನು ಬೇರೆ ಅರ್ಥದಲ್ಲಿ ಹೇಳಿದ, ಆದರೆ ನೀವು ಅದನ್ನು ಅಕ್ಷರಶಃ ನಿಜ ಮಾಡಿ ತೋರಿಸಿದಿರಿ. ದೌಲಪ್ಪನ ಹೆಸರನ್ನು ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಅವನ ಮೇಲೆ ಕ್ರಮ ಜರುಗಿಸಲು ಪೆನ್ನು ಹುಡುಕಬೇಡಿ. ನನ್ನ ಯಜಮಾನರು ಹೇಳಿ ಅವನಿಗೆ ನಂದೂರಿನಲ್ಲಿ ಕೆಲಸ ಕೊಡಿಸಿದ್ದಾರೆ. ನೀವು ಬಾಯಿಗೆ ಬೀಗ ಹಾಕಿದ್ದೇನೆಂದು ತಿಳಿದುಕೊಂಡಿದ್ದ ಒಬ್ಬನೇ ಸಾಕ್ಷಿಯನ್ನು ನಾವು ನಿಮ್ಮಿಂದ ಕಿತ್ತುಕೊಂಡೆವು. ಅದನ್ನು ಬರೆಯಲು ನನಗೆ ಬಹಳ ಸಂತೋಷವಾಗುತ್ತಿದೆ.

ಈಗ ಗೇಟಿನ ಮೇಲೆ ಹೊಸ ಬೋರ್ಡು ಬರೆಸಿದ್ದೀರಂತೆ, ‘ಮಾನಸಿಕ ಅಸ್ವಸ್ಥರಿಗೆ ಪ್ರವೇಶವಿಲ್ಲ’. ನಾವು ಬಂದಾಗ ಅದು ಇರಲಿಲ್ಲ. ಇನ್ನು ಎಲ್ಲ ಮಕ್ಕಳಿಗೂ ಸ್ವಾಗತ ಎಂಬ ಜಾಹೀರಾತನ್ನು ಏನು ಮಾಡುತ್ತೀರಿ? ಎರಡನ್ನೂ ಒಂದೇ ಬೋರ್ಡಿನ ಮೇಲೆ ಬರೆಸಿದರೆ ಬಣ್ಣವಾದರೂ ಉಳಿದೀತು.

ನಾನು ಏನು ಮಾಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೇ ಇಪ್ಪತ್ಮೂರರ ಭಾನುವಾರ ಬೆಳಿಗ್ಗೆ ನಿಮ್ಮಲ್ಲಿಗೆ ಹೋಗುವ ವಿಶೇಷ ಬಸ್ಸು ತುಂಬಿ ನಿಂತಿತ್ತು. ಜಾಹೀರಾತು ಓದುವ ಹೊತ್ತಾಯಿತು. ನಾನು ಕಾಗದ ಮಡಚಿಟ್ಟು ಇದೇ ದನಿಯಲ್ಲಿ ಹೇಳಿದೆ: ‘ಪ್ರಯಾಣಿಕರ ಗಮನಕ್ಕೆ. ವಿನೋದವನಕ್ಕೆ ಹೋಗುವವರು ತಮ್ಮ ಮಕ್ಕಳ ಬಗ್ಗೆ ಎಚ್ಚರದಿಂದಿರಬೇಕು. ಹೆದರಿದ ಮಕ್ಕಳನ್ನು ಅಲ್ಲಿ ಜನರೇಟರ್ ಪಕ್ಕದ ಕೋಣೆಯಲ್ಲಿ ಕೂಡಿಹಾಕಲಾಗುತ್ತದೆ.’ ಮೂರು ಸಲ ಹೇಳಿದೆ. ಅರ್ಧ ಬಸ್ಸು ಇಳಿಯಿತು. ಯಾಕೆ, ಏನು ಎಂದು ಕೌಂಟರಿಗೆ ಬಂದವರಿಗೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮರುದಿನ ನನಗೆ ಮೆಮೊ ಬಂತು, ಮೈಕು ಬೇರೆಯವರಿಗೆ ಹೋಯಿತು. ನಮ್ಮವರ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಮುರಿದೆ, ಅನುಭವಿಸುತ್ತೇನೆ. ಪಶ್ಚಾತ್ತಾಪ ಇದೆಯೇ ಎಂದು ಮೆಮೊದಲ್ಲಿ ಕೇಳಿದ್ದರು. ನಾಲ್ಕನೆಯ ಸಲ ಹೇಳುವಷ್ಟರಲ್ಲಿ ಮೈಕು ಕಸಿದುಕೊಂಡರಲ್ಲ, ಅದೊಂದೇ ಪಶ್ಚಾತ್ತಾಪ ಎಂದು ಉತ್ತರ ಬರೆದುಕೊಟ್ಟಿದ್ದೇನೆ.

ಪಾಂಡು ಈಗ ನಿಲ್ದಾಣಕ್ಕೆ ಬರುವುದಿಲ್ಲ. ಮನೆಯಲ್ಲಿ ನಾನು ಹಳೆಯ ವಾಕ್ಯಗಳನ್ನು ಹೇಳಿ ನೋಡುತ್ತೇನೆ. ಕಿವಿ ಮುಚ್ಚಿಕೊಳ್ಳುತ್ತಾನೆ. ಹಸಿವಾದರೆ ತಾಟಿನ ಮುಂದೆ ಕೂತಿರುತ್ತಾನೆ, ಅಷ್ಟೇ. ಅತ್ತೆಯವರು, “ಮತ್ತ ಮಾತಾಡ್ತಾನ ತಗೋ ಇಂದೂ, ಮೊದಲೂ ಐದು ವರ್ಷ ಕಾದೀವಲ್ಲ” ಎನ್ನುತ್ತಾರೆ. ಸೊಲ್ಲಾಪುರದ ಡಾಕ್ಟರು ಏನೂ ಹೇಳಲಾಗದು ಎಂದಿದ್ದಾರೆ.

ನಿಮ್ಮಿಂದ ಪರಿಹಾರ ಬೇಡ. ಪಾಸು ಬೇಡ. ವಿಷಾದ ಪತ್ರವಂತೂ ಬೇಡವೇ ಬೇಡ, ಅದನ್ನೂ ಗುಮಾಸ್ತರಿಂದ ಬರೆಸುತ್ತೀರಿ. ನನ್ನ ಬೇಡಿಕೆ ಒಂದೇ. ಬರುವ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ನೀವು ಆ ಕೋಣೆಯೊಳಗೆ ಹೋಗಬೇಕು. ಜನರೇಟರ್ ಚಾಲೂ ಇರಬೇಕು. ಹೊರಗಿನ ಚಿಲಕ ನಾನು ಹಾಕುತ್ತೇನೆ. ನೋಡಲು ಬರುವವರಿಗೆಲ್ಲ ಈ ಪತ್ರವೇ ಆಮಂತ್ರಣ. ನಲವತ್ತು ನಿಮಿಷ ನೀವು ಒಳಗಿನಿಂದ ಯಾರನ್ನು ಬೇಕಾದರೂ ಕರೆಯಬಹುದು. ಕಾವಲುಗಾರನನ್ನು, ಹೆಂಡತಿಯನ್ನು, ದೇವರನ್ನು. ‘ಅವ್ವಾ’ ಎಂದೂ ಕೂಗಬಹುದು, ಆ ಮಾತು ನಿಮಗೆ ಬರುತ್ತದೆ. ನನ್ನ ಮಗನಿಗೆ ಬರುವುದಿಲ್ಲ. ಅವ್ವಾ ಎಂದಾಗಲಿ ಆಯಿ ಎಂದಾಗಲಿ ಹನ್ನೊಂದು ವರ್ಷದಲ್ಲಿ ಅವನು ನನ್ನನ್ನು ಒಮ್ಮೆಯೂ ಕರೆದಿಲ್ಲ. ಅದರ ಬದಲಿಗೆ ಅವನ ಹತ್ತಿರ ಒಂದೇ ಒಂದು ವಾಕ್ಯವಿತ್ತು. ನಿಮ್ಮ ಗೋಡೆಯಾಚೆ ಅದನ್ನು ಕೂಗಿ ಕೂಗಿ, ಕೂಗಿದರೂ ನಾನು ಬರುವುದಿಲ್ಲ ಎಂದು ತಿಳಿದುಕೊಂಡು ಬಿಟ್ಟುಬಿಟ್ಟ. ನೀವು ಕೂಗುವಾಗ ನಾನು ಬಾಗಿಲ ಹೊರಗೇ ನಿಂತಿರುತ್ತೇನೆ. ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತೇನೆ. ಚಿಲಕ ಮಾತ್ರ ನಲವತ್ತು ನಿಮಿಷ ಮುಗಿಯುವವರೆಗೆ ತೆಗೆಯುವುದಿಲ್ಲ.

ಇಂತಿ,
ಸದ್ಯ ಮೈಕಿನಿಂದ ದೂರ ಇಡಲಾಗಿರುವ
ಇಂದೂಬಾಯಿ
ಕಲಬುರಗಿ, ೪ ಜೂನ್ ೨೦೦೪